ಫೋಟೋಗಳನ್ನು ಗುಂಪು ಮಾಡಿಸಿ ಮಕ್ಕಳಿಂದ ಕಥೆ ಬರೆಸುವುದು ಹೇಗೆ?

ನೀವು ಎಂಟನೇ ಕ್ಲಾಸಿಗೆ ಕನ್ನಡ ಕಲಿಸುತ್ತೀರಿ. ದಿನನಿತ್ಯದ ಫೋಟೋಗಳನ್ನು ಮಕ್ಕಳ ಕೈಗೆ ಕೊಟ್ಟು, ಗುಂಪು ಮಾಡಿಸಿ, ಕಥೆ ಬರೆಸಬೇಕು ಅಂದುಕೊಂಡಿದ್ದೀರಿ. ಎಂಥ ಫೋಟೋ ಕೊಡಬೇಕು, ಮಾರ್ಕ್ಸ್ ಹೇಗೆ ಹಾಕಬೇಕು ಎಂದು ಕೇಳಿದ್ದೀರಿ. ನಾನು ಮಂಡ್ಯದ ಹತ್ತಿರ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮೊದಲ ಸಲ ಮಾಡಿದಾಗ ಪೂರ್ತಿ ಕೆಡಿಸಿದ್ದೆ, ಅಲ್ಲಿಂದಲೇ ಹೇಳುತ್ತೇನೆ.

ಚೆನ್ನಾಗಿರಲಿ ಅಂತ ಮೈಸೂರು ಅರಮನೆ, ಚಾಮುಂಡಿ ಬೆಟ್ಟದ ನಂದಿ, ಕನ್ನಂಬಾಡಿ ಕಟ್ಟೆ, ಇಂಥವನ್ನೇ ಕೊಟ್ಟೆ. ಕಥೆ ಬರಲಿಲ್ಲ, ಪ್ರಬಂಧ ಬಂತು. ಹಳೇ ಅರಮನೆ 1897ರಲ್ಲಿ ಸುಟ್ಟಿತು, ಹೊಸದು 1912ರಲ್ಲಿ ಮುಗಿಯಿತು. ಕಟ್ಟೆ ತುಂಬಿದರೆ 124.80 ಅಡಿ. ಎಲ್ಲ ಸರಿಯಾಗಿಯೇ ಇತ್ತು, ಅದೇ ತೊಂದರೆ. ಎಲ್ಲರಿಗೂ ಗೊತ್ತಿರುವ ಜಾಗದ ಬಗ್ಗೆ ಮಕ್ಕಳು ಗೊತ್ತಿರುವುದನ್ನೇ ಬರೆಯುತ್ತಾರೆ, ಅಲ್ವಾ?

ಮುಂದಿನ ಸಲ ನಾನೇ ಊರೊಳಗೆ ಸುತ್ತಿ ಮೊಬೈಲಿನಲ್ಲಿ ಇಪ್ಪತ್ತು ಫೋಟೋ ತೆಗೆದೆ. ಬೀಗ ಹಾಕಿದ ಬಾಗಿಲು, ಹಗ್ಗದ ಮೇಲೆ ಒಣಗಲು ಹಾಕಿದ ಸೀರೆ, ಜಗುಲಿ ಮೇಲೆ ಎರಡು ಟೀ ಲೋಟ, ಟಾರ್ಚು, ನಾಲೆ, ಮುಚ್ಚಿಟ್ಟ ಊಟದ ತಟ್ಟೆ, ಆಲೆಮನೆಯ ಕೊಪ್ಪರಿಗೆ, ಒಂಟಿ ಚಪ್ಪಲಿ. ಮುಖ ಕಾಣುವ ಫೋಟೋ ಒಂದೂ ಇಲ್ಲ. ಒಂದು ಹಾಳೆಗೆ ನಾಲ್ಕರಂತೆ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿದೆ. ದುಡ್ಡು ಉಳಿಸಲು ಹಾಗೆ ಮಾಡಿದ್ದು, ಆದರೆ ಲಾಭ ಬೇರೆಯೇ ಆಯಿತು. ಬಣ್ಣ ಇಲ್ಲದ್ದಕ್ಕೆ ಬೆಳಗ್ಗೆಯೋ ಸಂಜೆಯೋ ಗೊತ್ತಾಗುವುದಿಲ್ಲ. ಮಕ್ಕಳೇ ತೀರ್ಮಾನ ಮಾಡಬೇಕು.

ಗುಂಪು ಮಾಡಿ ಎಂದರೆ ಮೊದಲು ಏನು ಮಾಡುತ್ತಾರೆ ಗೊತ್ತಾ? ತಿನ್ನೋದೆಲ್ಲ ಒಂದು ಕಡೆ, ಗಾಡಿಗಳೆಲ್ಲ ಇನ್ನೊಂದು ಕಡೆ. ಅದು ಸಂತೆಯಲ್ಲಿ ತರಕಾರಿ ಜೋಡಿಸಿದ ಹಾಗೆ. ಆಗ ನಾನು ಒಂದೇ ಒಂದು ನಿಯಮ ಹಾಕಿದೆ: ಒಂದು ಗುಂಪಿನಲ್ಲಿ ಮೂರರಿಂದ ಐದು ಫೋಟೋ, ಒಂದೇ ಜಾತಿಯ ಎರಡು ವಸ್ತು ಇರಕೂಡದು. ಇಡೀ ಚಟುವಟಿಕೆ ನಿಂತಿರುವುದು ಇದರ ಮೇಲೆ. ಟಾರ್ಚಿಗೂ ತಟ್ಟೆಗೂ ಏನು ಸಂಬಂಧ ಎಂದು ಹುಡುಕಲು ಹೊರಟರೆ, ನಡುವೆ ಒಬ್ಬ ಮನುಷ್ಯ ಬರಲೇಬೇಕು.

ಒಂದು ತಂಡ ಬೀಗ, ಸೀರೆ, ಲೋಟ ಇಟ್ಟುಕೊಂಡು ಕೂತಿತ್ತು. ಹುಡುಗಿಯೊಬ್ಬಳು, "ಸಾ, ಸೀರೆಯಿಂದ ಇನ್ನೂ ನೀರು ತೊಟ್ಟಿಕ್ತಾ ಅದೆ. ಬೀಗ ಈಗಷ್ಟೇ ಹಾಕವ್ರೆ" ಅಂದಳು. ಫೋಟೋ ತೆಗೆದ ನಾನೇ ಅದನ್ನು ನೋಡಿರಲಿಲ್ಲ! ಬೀಗವನ್ನು ಕೊನೆಗೆ ಇಡಿ ಎಂದೆ. ಯಾರೋ ಅವಸರದಲ್ಲಿ ಮನೆ ಬಿಟ್ಟು ಹೋದ ಕಥೆಯಾಯಿತು. ಮೊದಲಿಗೆ ಇಡಿಸಿದೆ. ಯಾರೋ ಊರಿಂದ ಬಂದು ಬಾಗಿಲಲ್ಲಿ ಕಾಯುತ್ತಿದ್ದಾರೆ. ಇನ್ನೊಂದು ತಂಡ ಟಾರ್ಚು, ನಾಲೆ, ತಟ್ಟೆ ಜೋಡಿಸಿತ್ತು. ನಮ್ಮ ಕಡೆ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಟ್ಟಾಗ ಸರದಿ ರಾತ್ರಿ ಬಂದರೂ ಗದ್ದೆಗೆ ಹೋಗಲೇಬೇಕು. ಕಥೆಗೆ ಅವರಿಟ್ಟ ಹೆಸರು 'ಮುದ್ದೆ ಆರೋಯ್ತು'. ಅಪ್ಪ ಎನ್ನುವ ಪದ ಅದರಲ್ಲಿ ಒಂದು ಸಲವೂ ಬಂದಿರಲಿಲ್ಲ.

ಇದು ನಾನು ಕಂಡುಹಿಡಿದ ವಿದ್ಯೆಯೇನಲ್ಲ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಪಕ್ಕ, ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದನಂತೆ. ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡರಂತೆ. ನಾನೂ ಸುಮ್ನೆ ನನ್ನ ಪಾಸ್‌ಪೋರ್ಟ್ ಸೈಜ್ ಫೋಟೋ ಇಟ್ಟು ನೋಡಿದೆ. ಮುದ್ದೆ ಪಕ್ಕ ಇಟ್ಟರೆ "ಸಾ ಹೊಟ್ಟೆ ಹಸ್ದವ್ರೆ". ಉತ್ತರಪತ್ರಿಕೆ ಕಟ್ಟಿನ ಪಕ್ಕ ಇಟ್ಟರೆ "ಸಾ ಬೇಜಾರಾಗವ್ರೆ". ಎರಡನೆಯದು ನಿಜವೇ ಅನ್ನಿ.

ಒಂದು ಎಚ್ಚರಿಕೆ. ಮನೆಯಿಂದ ಫೋಟೋ ತೆಗೆದುಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳಬೇಡಿ. ನಾನು ಹೇಳಿದ್ದೆ. ಯಾರದ್ದು ಆರ್‌ಸಿಸಿ ಮನೆ, ಯಾರದ್ದು ಶೀಟಿನ ಮನೆ ಎಂಬುದು ಬೆಂಚಿನ ಮೇಲೆ ಹರಡಿಕೊಂಡಿತು. ಒಬ್ಬ ಹುಡುಗ ಎರಡು ದಿನ ಬಾಯಿ ಬಿಡಲಿಲ್ಲ. ಈಗ ಮಕ್ಕಳು ಫೋಟೋ ತೆಗೆಯುವುದು ಬೀದಿ, ಬಸ್‌ಸ್ಟ್ಯಾಂಡು, ಗದ್ದೆಯಲ್ಲಿ ಅಷ್ಟೇ. ಅದೂ ನಾಲ್ಕು ಜನಕ್ಕೆ ಒಂದು ಮೊಬೈಲ್. ಯಾರಾದರೂ ಫೋಟೋದಲ್ಲಿ ಬಂದರೆ ಅವರನ್ನು ಕೇಳಿಯೇ ತೆಗೆಯಬೇಕು.

ಸಮಯ ಎರಡು ಪೀರಿಯಡ್ ಬೇಕು. ಮೊದಲ ದಿನ ಜೋಡಿಸುವುದು, ಮಾತಾಡುವುದು ಅಷ್ಟೇ. ಪೆನ್ನು ಮುಟ್ಟಿಸಬೇಡಿ.

ಇನ್ನು ಮಾರ್ಕ್ಸು. ಯಾಕೆ ಈ ಫೋಟೋ ಆದಮೇಲೆ ಆ ಫೋಟೋ ಎಂದು ಕೇಳುತ್ತೇನೆ. ಒಟ್ಟು ಮಾರ್ಕ್ಸಿನಲ್ಲಿ ಅರ್ಧ ಭಾಗ ತಂಡ ಕೊಡುವ ಕಾರಣಕ್ಕೆ. ಯಾವ ಫೋಟೋ ಬೇಡ ಎಂದು ಪಕ್ಕಕ್ಕಿಟ್ಟರು, ಯಾಕೆ ಇಟ್ಟರು ಎಂಬುದಕ್ಕೂ ಸ್ವಲ್ಪ ಇರಲಿ. ನನ್ನ ಕ್ಲಾಸಿನಲ್ಲಿ ಒಂಟಿ ಚಪ್ಪಲಿಯನ್ನು ಎಲ್ಲ ತಂಡಗಳೂ ಬಿಟ್ಟಿದ್ದವು, ಒಬ್ಬೊಬ್ಬರ ಕಾರಣವೇ ಒಂದೊಂದು ಕಥೆಯಂತಿತ್ತು. ಕಾಗುಣಿತದ ತಪ್ಪನ್ನು ಅವತ್ತೇ ತಿದ್ದಲು ಹೋಗಬೇಡಿ. ಅದು ಮುಂದಿನ ವಾರವೂ ಅಲ್ಲೇ ಇರುತ್ತದೆ.