ಮೇಣದ ಮದರಂಗಿ ಯಾಕೆ ಕಲಸಿಹೋಗುತ್ತದೆ?

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ದಾವಣಗೆರೆಯಲ್ಲಿ ನಮ್ಮಕ್ಕನ ಮದುವೆ. ಅಂಗೈ ಮೇಲೆ ಮೇಣದಲ್ಲಿ ಬಳ್ಳಿ ಬರೆದು, ಮೇಲೆ ಪೂರ್ತಿ ಮದರಂಗಿ ಮೆತ್ತಿದರೆ ಬಳ್ಳಿ ಬೆಳ್ಳಗೆ ಉಳಿದು ಸುತ್ತ ಕೆಂಪಾಗುತ್ತದಂತೆ. ನನ್ನ ಕೈಗೆ ಮಾಡಿ ನೋಡಿದೆ, ಎಲ್ಲಾ ಕಲಸಿಹೋಯಿತು. ಬಣ್ಣ ಚೆನ್ನಾಗಿ ಬರಲಿ ಅಂತ ನೀಲಗಿರಿ ಎಣ್ಣೆ ಹಾಕಿದ್ದೆ, ಲವಂಗದ ಹೊಗೆಯನ್ನೂ ಹಿಡಿದಿದ್ದೆ.

ಉತ್ತರ: ನಿಮ್ಮ ಕೊನೆಯ ಸಾಲಲ್ಲೇ ಉತ್ತರ ಇದೆ ನೋಡಿ. ಬರೀ ಮದರಂಗಿಗಾದರೆ ಅವೆರಡೂ ಒಳ್ಳೆಯವೇ, ನಾನೂ ಬಳಸುತ್ತೇನೆ. ಆದರೆ ಮೇಣಕ್ಕೆ ಎಣ್ಣೆಯೂ ಆಗದು, ಬಿಸಿಯೂ ಆಗದು. ನೀಲಗಿರಿ ಎಣ್ಣೆ ತಾಗಿದರೆ ಮೇಣದ ಅಂಚು ಮೆತ್ತಗಾಗುತ್ತದೆ, ಆ ಸಂದಿಯಲ್ಲಿ ಮದರಂಗಿ ನುಗ್ಗುತ್ತದೆ. ಹೊಗೆಯ ಬಿಸಿಗೆ ಉಳಿದದ್ದೂ ಜಾರುತ್ತದೆ.

ಈ ಸಲ ಬರೀ ನಿಂಬೆರಸ, ಸ್ವಲ್ಪ ಸಕ್ಕರೆ ಹಾಕಿ, ಕೋನಿಗೆ ಕಲಸುವುದಕ್ಕಿಂತ ಗಟ್ಟಿಯಾಗಿ ಕಲಸಿ ರಾತ್ರಿಯಿಡೀ ಬಿಡಿ. ಕೈಯನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಕ್ರೀಮ್ ಬೇಡವೇ ಬೇಡ.

ಮೇಣದ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಅಷ್ಟು ಬಿಸಿಯದ್ದು ಕೈ ಮೇಲೆ ಬಿದ್ದರೆ ಸುಟ್ಟು ಬೊಬ್ಬೆ ಬರಬಹುದು, ಮದುವೆ ಮನೇಲಿ ಅದು ಬೇಕಾ? ಪಾರ್ಲರ್‌ನಲ್ಲಿ ಕೈ ಅದ್ದಲು ಇಡುವ ಪ್ಯಾರಾಫಿನ್ ಮೇಣ ಇನ್ನೂ ಕಡಿಮೆ ಬಿಸಿಯಲ್ಲೇ ಕರಗುತ್ತದೆ, ಪರಿಮಳ ಹಾಕದ್ದನ್ನು ಕೇಳಿ ತನ್ನಿ. ನೇರ ಒಲೆ ಮೇಲೆ ಇಡದೆ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ. ಮೊದಲು ನಿಮ್ಮ ಮಣಿಕಟ್ಟಿಗೆ ಒಂದು ಸಣ್ಣ ಹನಿ ಹಾಕಿ ನೋಡಿ, ತಡೆಯುವಷ್ಟು ಬಿಸಿ ಇದ್ದರೆ ಮಾತ್ರ ಸಣ್ಣ ಬ್ರಷ್‌ನಲ್ಲಿ ಅಕ್ಕನ ಕೈಗೆ ಬರೆಯಿರಿ.

ಅಂಗೈಗೇ ಮಾಡಿ. ಅಲ್ಲಿ ಚರ್ಮ ದಪ್ಪ, ಬಣ್ಣ ಗಾಢವಾಗಿ ಕೂರುತ್ತದೆ. ಮುಂಗೈಯಲ್ಲಿ ಮೇಣ ಕೀಳುವಾಗ ಕೂದಲು ಎಳೆದು ನೋವಾಗುತ್ತದೆ. ಕೈ ಮಡಚಿದರೆ ಮೇಣ ಬಿರಿದು ಕೂದಲೆಳೆಯಂಥ ಕೆಂಪು ಗೆರೆ ಬರುತ್ತವೆ, ಬಾಟಿಕ್ ಸೀರೆಯಲ್ಲಿ ಇರುತ್ತವಲ್ಲ, ಹಾಗೆ. ನನಗಂತೂ ಅದೇ ಜಾಸ್ತಿ ಇಷ್ಟ. ಬೇಡ ಅಂದರೆ ನಾಲ್ಕೈದು ಗಂಟೆ ಕೈ ಅಲ್ಲಾಡಿಸದೆ ಕೂರಬೇಕು. ನಮ್ಮೂರಿನ ಬೇಸಿಗೆ ಮಧ್ಯಾಹ್ನ ಬೆವರಿಗೇ ಮೇಣ ಎದ್ದುಬಿಡುತ್ತದೆ, ಹಾಗಾಗಿ ಬೆಳಗಿನ ಜಾವ ಫ್ಯಾನಿನ ಕೆಳಗೆ ಶುರುಮಾಡಿ.

ಒಣಗಿದ ಮದರಂಗಿ ಉದುರಿಸಿ, ಅಂಗೈ ಬಗ್ಗಿಸಿದರೆ ಮೇಣ ತಾನೇ ಏಳುತ್ತದೆ. ಅಂಟಿದ್ದಕ್ಕೆ ಕೊಬ್ಬರಿ ಎಣ್ಣೆ ಸವರಿ, ಈಗ ಎಣ್ಣೆ ತೊಂದರೆ ಇಲ್ಲ. ಮರುದಿನದವರೆಗೆ ನೀರು ಬೇಡ. ಮೊದಲು ಕಿತ್ತಳೆ ಬಣ್ಣ ಕಂಡು ಗಾಬರಿಯಾಗಬೇಡಿ, ಗಾಢವಾಗಲು ಎರಡು ದಿನ ಬೇಕು, ಮದುವೆಗೆ ಎರಡು ದಿನ ಮುಂಚೆಯೇ ಹಾಕಿ.

ಮನೆಯ ಚಿಕ್ಕ ಮಕ್ಕಳೂ ಕೈ ಒಡ್ಡುತ್ತಾರೆ ಅಲ್ವಾ, ಅವರಿಗೆ ಬಿಸಿ ಮೇಣ ಬೇಡ. ಸ್ಟಿಕರ್ ಬೊಟ್ಟು ಅಂಟಿಸಿ ಮೇಲೆ ಮದರಂಗಿ ಮೆತ್ತಿ, ಒಣಗಿದ ಮೇಲೆ ಕಿತ್ತರೆ ಬೆಳ್ಳನೆ ಚುಕ್ಕಿ ಸಿಗುತ್ತದೆ.