ಲೂಪು ಹಾಡಾಗುದು ಯಾವಾಗ?

ಪ್ರಶ್ನೆ: ಸರ್, ನಾನು ಬದಿಯಡ್ಕದ ಹತ್ರದವ, ಡಿಗ್ರಿ ಕೊನೇ ವರ್ಷ. ಲ್ಯಾಪ್‌ಟಾಪಲ್ಲಿ ಡ್ಯಾನ್ಸ್ ಮ್ಯೂಸಿಕ್ ಮಾಡ್ತೇನೆ. ಯಕ್ಷಗಾನ ಆಟಕ್ಕೆ ಹೋಗಿ ಫೋನಲ್ಲಿ ಚೆಂಡೆ ರೆಕಾರ್ಡ್ ಮಾಡಿ ತಂದು 124 ಬಿಪಿಎಂ (ನಿಮಿಷಕ್ಕೆ 124 ಪೆಟ್ಟು) ಕಿಕ್ (ಬಾಸ್ ಡ್ರಮ್ಮಿನ ಪೆಟ್ಟು) ಮೇಲೆ ಇಟ್ಟೆ. 8 ಬಾರಿನ (ನಾಲ್ಕು ಪೆಟ್ಟಿಗೆ ಒಂದು ಬಾರ್) ಲೂಪ್, ಅಂದ್ರೆ ಪುನಃ ಪುನಃ ತಿರುಗುವ ತುಂಡು, ಕೇಳುವಾಗ ಮೈ ಜುಂ ಅಂತದೆ, ಆದ್ರೆ ಆರು ತಿಂಗಳಾಯ್ತು, ದಿನಾ ಒಂದು ಸೌಂಡ್ ಸೇರಿಸ್ತೇನೆ, ಹಾಡು ಮಾತ್ರ ಆಗುದಿಲ್ಲ. ಚೆಂಡೆಯೂ ಕಿಕ್ ಜೊತೆ ಕೂರುದಿಲ್ಲ. ಎಂತ ಮಾಡುದು?

ಉತ್ತರ: ಸೇರಿಸುದನ್ನು ಇವತ್ತೇ ನಿಲ್ಲಿಸಿ ಮಾರಾಯ್ರೇ. 124ರಲ್ಲಿ 8 ಬಾರ್ ಅಂದ್ರೆ ಹೆಚ್ಚುಕಮ್ಮಿ 15 ಸೆಕೆಂಡು, ಅದರೊಳಗೆ ನಿಮ್ಮತ್ರ ಇದ್ದದ್ದೆಲ್ಲ ಒಟ್ಟಿಗೇ ಬಾರಿಸ್ತಾ ಉಂಟು, ಮುಂದೆ ಬರ್ಲಿಕ್ಕೆ ಯಾರೂ ಬಾಕಿ ಇಲ್ಲ. ನೀವು ಆಟ ನೋಡಿದವರಲ್ವಾ, ಕರುಣ ರಸದ ಪದಕ್ಕೆ ಚೆಂಡೆಯವರು ಸುಮ್ಮನೆ ನಿಂತಿರ್ತಾರೆ, ಭಾಗವತರ ಸ್ವರ, ಮದ್ದಳೆ ಅಷ್ಟೇ, ಆಮೇಲೆ ವೀರಕ್ಕೆ ತಿರುಗಿ ಚೆಂಡೆ ಬಿತ್ತು ಅಂದ್ರೆ ಚಾಪೆ ಮೇಲೆ ಮಲಗಿದ ಮಕ್ಕಳೂ ಎದ್ದು ಕೂರ್ತಾರೆ. ಹೌಸ್, ಟೆಕ್ನೋ ಅನ್ನುವ ಡ್ಯಾನ್ಸ್ ಮ್ಯೂಸಿಕ್‌ನವರು ಬ್ರೇಕ್‌ಡೌನ್ (ಸುಮ್ಮನಾಗುದು), ಡ್ರಾಪ್ (ಪುನಃ ಜೋರಾಗಿ ಬೀಳುದು) ಅಂತ ಹೇಳುದು ಇದನ್ನೇ.

ಹಾಗಾಗಿ ಆ ಲೂಪನ್ನು ಐದು ನಿಮಿಷದ ಉದ್ದಕ್ಕೆ ಹಾಸಿಬಿಡಿ, 155 ಬಾರ್ ಆಗ್ತದೆ. ಮತ್ತೆ ಅಳಿಸುದೇ ಕೆಲಸ. ಶುರುವಿನ 16 ಬಾರಲ್ಲಿ ಕಿಕ್ಕು, ಹ್ಯಾಟು (ಚಿಕ್ ಚಿಕ್ ಅನ್ನುವ ತಾಳದ ಸದ್ದು) ಮಾತ್ರ ಉಳಿಸಿ, ಡಿಜೆಗೆ ಹಿಂದಿನ ಹಾಡಿಗೆ ಜೋಡಿಸ್ಲಿಕ್ಕೆ ಆ ಜಾಗ ಬೇಕು. ನಡುವಲ್ಲಿ ಒಂದು 16 ಬಾರ್ ಕಿಕ್ಕನ್ನೇ ತೆಗೀರಿ, ಅರ್ಧ ನಿಮಿಷ ಖಾಲಿ ಖಾಲಿ ಅನಿಸ್ತದೆ, ಹೆದರಿ ಪುನಃ ಏನಾದ್ರೂ ತುಂಬಿಸ್ಲಿಕ್ಕೆ ಹೋಗ್ಬೇಡಿ. ಹೋದ ಮಳೆಗಾಲ ನನ್ನದೊಂದು ಹಾಡು ಮೂರು ತಿಂಗಳು ಹೀಗೇ ಕಟ್ಟಿಹೋಗಿತ್ತು, ಅದರ 40 ಟ್ರ್ಯಾಕಲ್ಲಿ (ಒಂದೊಂದು ಸೌಂಡಿನ ಸಾಲು) 27 ತೆಗೆದ ದಿನ ರಾತ್ರಿಯೇ ಮುಗೀತು.

ಇನ್ನು ಚೆಂಡೆ. ಆಟದಲ್ಲಿ ಮೆಟ್ರೋನೋಮ್ ಇಲ್ಲ, ಕುಣಿಯುವವರ ಹೆಜ್ಜೆ ನೋಡಿ ಕಾಲ ಏರ್ತಾ ಹೋಗ್ತದೆ, ಆ ರೆಕಾರ್ಡಿಂಗನ್ನು ಇಡೀ ಎಳೆದು ಸಾಫ್ಟ್‌ವೇರಿನ ಗ್ರಿಡ್ಡಿಗೆ (ಸಮ ಅಂತರದ ತಾಳದ ಗೆರೆಗಳಿಗೆ) ಕೂರಿಸಿದ್ರೆ ಪೆಟ್ಟಿನ ತುದಿಯೇ ಮೊಂಡಾಗುದು. ಹತ್ತು ಹನ್ನೆರಡು ಒಳ್ಳೆ ಪೆಟ್ಟು ಕತ್ತರಿಸಿ ಸ್ಯಾಂಪ್ಲರಿಗೆ (ರೆಕಾರ್ಡ್ ಮಾಡಿದ ಸದ್ದನ್ನು ಕೀ ಒತ್ತಿ ಬಾರಿಸುವ ಸಾಧನಕ್ಕೆ) ಹಾಕಿ, ನೀವೇ ಬೆರಳಲ್ಲಿ ಬಾರಿಸಿ. ಕೂದಲೆಳೆಯಷ್ಟು ಹಿಂದೆ ಮುಂದೆ ಬಿದ್ದದ್ದು ಹಾಗೇ ಇರ್ಲಿ. ಮತ್ತೆ ನಿಮ್ಮ ಫೈಲಲ್ಲಿ ಜನರೇಟರಿನ ಗುಂಯ್ ಅನ್ನುವ ಸದ್ದು ಇರ್ತದೆ ನೋಡಿ, ನಮ್ಮ ಕರೆಂಟು 50 ಹರ್ಟ್ಜ್, ಕಿಕ್ಕಿನ ಹೊಟ್ಟೆ ಇರುದೂ ಸುಮಾರು ಅಲ್ಲೇ, ಎರಡೂ ಒಂದರ ಮೇಲೊಂದು ಕೂತು ರಾಡಿಯಾಗ್ತದೆ. ಚೆಂಡೆಯನ್ನು 150 ಹರ್ಟ್ಜಿನ ಕೆಳಗೆ ಈಕ್ವಲೈಸರಲ್ಲಿ ಕತ್ತರಿಸಿ. ಮುಂದಿನ ಸಲ ಫೋನಿನ ಆಟೋ ಗೇನ್ (ಸದ್ದನ್ನು ತಾನಾಗಿ ಏರಿಸಿ ಇಳಿಸುದು) ಆಫ್ ಮಾಡುವ ಆ್ಯಪಲ್ಲೇ ರೆಕಾರ್ಡ್ ಮಾಡಿ, ಇಲ್ಲದಿದ್ರೆ ಜೋರು ಪೆಟ್ಟೂ ಮೆಲ್ಲ ಪೆಟ್ಟೂ ಒಂದೇ ಎತ್ತರಕ್ಕೆ ಬರ್ತದೆ.

ಒಂದು ಆಸೆಯ ಮಾತು: ಏಕತಾಳ ಬಿಟ್ಟು ಏಳು ಪೆಟ್ಟಿನ ತ್ರಿವುಡೆ ತಾಳ ಹಾಕಿ ನೋಡಿ. ಚೆಂಡೆ ಏಳರಲ್ಲಿ, ಕಿಕ್ ನಾಲ್ಕರಲ್ಲಿ ಹೋದ್ರೆ ಎರಡೂ ಪುನಃ ಒಟ್ಟಿಗೆ ಬೀಳುದು 28ನೇ ಪೆಟ್ಟು ಮುಗಿದ ಮೇಲೆ, ಅಲ್ಲಿವರೆಗೆ ಕೇಳುವವರ ಕಾಲು ಒಂದು ಕಡೆ, ಕಿವಿ ಇನ್ನೊಂದು ಕಡೆ. ಆ ಸೇರುವ ಜಾಗದಲ್ಲೇ ನಿಮ್ಮ ಡ್ರಾಪ್ ಇಡಿ.

ಪ್ರಶ್ನೆ: ಇದೆಲ್ಲ ಹೊರದೇಶದ ಮೆಷಿನ್ ಸಂಗೀತ, ನಮ್ಮ ರಾಗಕ್ಕೆ ಹೊಂದುದಿಲ್ಲ ಅಂತ ಮನೆಯಲ್ಲಿ ಹೇಳ್ತಾರೆ. ಹೌದಾ? (ಕುಂಬಳೆಯ ಓದುಗರು)

ಉತ್ತರ: ಅಲ್ಲ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಟಿಆರ್-808 (ಡ್ರಮ್ ಮೆಷಿನ್), ಟಿಬಿ-303 (ಬಾಸ್ ಸಿಂಥಸೈಜರ್) ಹಿಡ್ಕೊಂಡು ಹತ್ತು ರಾಗವನ್ನು ಡಿಸ್ಕೋ ಬೀಟಿಗೆ ಕೂರಿಸಿದ್ರು. ಶಿಕಾಗೋದವರು ಅದೇ 303ರಲ್ಲಿ ಮಾಡಿದ ಆಸಿಡ್ ಹೌಸ್ ರೆಕಾರ್ಡು ಅಂಗಡಿಗೆ ಬಂದದ್ದು 1987ಕ್ಕೆ. ಆ ಕಾಲಕ್ಕೆ ಸಿಂಗ್ ಅವರ ಎಲ್‌ಪಿಯನ್ನು ಕೇಳಿದವರು ಕಮ್ಮಿ, 2010ರಲ್ಲಿ ಪುನಃ ಪ್ರಿಂಟಾದ ಮೇಲೆ ಲೋಕವೆಲ್ಲ ಹುಡುಕಿ ಕೇಳಿತು. ಮನೆಯವರಿಗೆ ಅದನ್ನೊಮ್ಮೆ ಹಾಕಿ ಕೇಳಿಸಿ. ರಾಗಕ್ಕೆ ಬೇಕಾದ್ದು ನಿಂತ ಶ್ರುತಿ, ಹೌಸಲ್ಲಿ ಬಾಸ್ ಒಂದೇ ಸ್ವರ ಹಿಡಿದು ಕೂರುದು ಮಾಮೂಲಿ, ನೀವು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ಕಾರ್ಡ್ ಬದಲಿಸ್ಲಿಕ್ಕೆ ಹೋದ್ರೆ ಮಾತ್ರ ರಾಗ ಕೆಡುದು. ಶುರುವಿಗೆ ಮೋಹನ ತೆಕ್ಕೊಳ್ಳಿ, ಐದೇ ಸ್ವರ, ಕೈಗೆ ಬೇಗ ಸಿಕ್ತದೆ.