ಸಮುದ್ರವಿಲ್ಲದ ಊರಿನ ಸರಕು

ಹೋದ ಸಂಚಿಕೆಯಲ್ಲಿ ಚೀನಾದ ಚೊಂಗ್‌ಚಿಂಗ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಪೀಣ್ಯದ ಡೈಕಾಸ್ಟಿಂಗ್ (ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವ) ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದಲ್ಲಿದ್ದಾಗ, 2004ರಿಂದ 2017ರ ನಡುವೆ ಆರು ಸಲ ಅಲ್ಲಿಗೆ ಹೋಗಿದ್ದೆ ಎಂದು ಬಾಯಿ ಬಿಟ್ಟದ್ದೇ ತಪ್ಪಾಯಿತು, ಪತ್ರಗಳು ಬಂದದ್ದೇ ಬಂದದ್ದು. ಐದಕ್ಕೆ ಮಾತ್ರ ಉತ್ತರಿಸುತ್ತೇನೆ.

ಚೊಂಗ್‌ಚಿಂಗ್ ಜಗತ್ತಿನಲ್ಲೇ ಅತಿ ದೊಡ್ಡ ನಗರ, 3 ಕೋಟಿ ಜನ ಇದ್ದಾರೆ ಅಂತ ಮಗನ ಮೊಬೈಲಿನಲ್ಲಿ ನೋಡಿದೆ. ನಿಜವೇ?
— ನಿವೃತ್ತ ಶಿಕ್ಷಕಿ, ಶಿರಸಿ

ಲೆಕ್ಕ ಸರಿ ಮೇಡಂ, ‘ನಗರ’ ಅನ್ನುವ ಮಾತು ಮಾತ್ರ ಮೋಸ. 2020ರ ಜನಗಣತಿಯಲ್ಲಿ ಸುಮಾರು 3.2 ಕೋಟಿ ಜನ. ಆದರೆ ವಿಸ್ತೀರ್ಣ 82,000 ಚದರ ಕಿ.ಮೀ. ದಾಟುತ್ತದೆ. ಎರಡು ಕೇರಳ ಇಟ್ಟರೂ ಇನ್ನಷ್ಟು ಜಾಗ ಮಿಗುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಯ ತನಕ ಇರುವ ಹೊಲ, ಕಾಡು, ಕೆರೆಗೆಲ್ಲ ‘ಬೆಂಗಳೂರು ನಗರ’ ಎಂದು ಬೋರ್ಡು ಹಾಕಿದ ಹಾಗೆ. ಅದರೊಳಗೆ ಜೋಳದ ಹೊಲವೂ ಇದೆ, ಕಿತ್ತಳೆ ತೋಟವೂ ಇದೆ. 1997ರಲ್ಲಿ ಇಷ್ಟನ್ನೂ ಸಿಚುವಾನ್ ಪ್ರಾಂತ್ಯದಿಂದ ಬಿಡಿಸಿ ಬೀಜಿಂಗ್‌ನ ನೇರ ಆಡಳಿತಕ್ಕೆ ತಂದರು. ತ್ರೀ ಗಾರ್ಜಸ್ ಅಣೆಕಟ್ಟಿನಿಂದ ಮುಳುಗಡೆಯಾಗುವ ಲಕ್ಷಾಂತರ ಜನರಿಗೆ ಪುನರ್ವಸತಿ ಕಲ್ಪಿಸುವ ಹೊಣೆ ಒಂದೇ ಆಡಳಿತದ ಕೈಯಲ್ಲಿರಲಿ ಎಂಬುದು ಅದಕ್ಕೊಂದು ಕಾರಣ. ಮುಳುಗಡೆಯ ಮಾತನ್ನು ಶರಾವತಿಯ ಪಕ್ಕದ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬಂದರಿನಿಂದ ಅಷ್ಟು ದೂರ, ಗುಡ್ಡದ ಮೇಲಿನ ಊರಲ್ಲಿ ಕಾರ್ಖಾನೆ ಕಟ್ಟಿದ ಪುಣ್ಯಾತ್ಮ ಯಾರು? ನನ್ನ ಸಣ್ಣ ವರ್ಕ್‌ಶಾಪಿನ ಮಾಲು ಗೋವಾ ಬಂದರಿಗೆ ಮುಟ್ಟುವಷ್ಟರಲ್ಲೇ ಲಾಭ ಕರಗಿ ಹೋಗುತ್ತದೆ.
— ಸಣ್ಣ ಉದ್ಯಮಿ, ಹುಬ್ಬಳ್ಳಿ

ಕಟ್ಟಿದ್ದು ಪುಣ್ಯಾತ್ಮರಲ್ಲ ಸಾರ್, ಓಡಿ ಬಂದವರು. ಜಪಾನಿನ ಸೇನೆ ಕರಾವಳಿಯಿಂದ ಒಳಗೆ ನುಗ್ಗಿದಾಗ ಚೀನಾ ಸರ್ಕಾರ ರಾಜಧಾನಿಯನ್ನೇ ಚೊಂಗ್‌ಚಿಂಗ್‌ಗೆ ಎತ್ತಿಕೊಂಡು ಬಂತು. ಶತ್ರುವಿನ ಟ್ಯಾಂಕು ಹತ್ತಲಾರದ ಬೆಟ್ಟ, ಯಾಂಗ್ತ್ಸೆ ನದಿಯ ಕಡಿದಾದ ಕಮರಿ. ಊರಿಗೆ ಶಾಪವಾಗಿದ್ದದ್ದೇ ಆಗ ಕೋಟೆಯಾಯಿತು. ಬಾಂಬು ಮಾತ್ರ ವರ್ಷಗಟ್ಟಲೆ ಬಿತ್ತು. ಆಗ ಬಂಡೆಯೊಳಗೆ ಕೊರೆದ ಸುರಂಗಗಳಲ್ಲಿ ಈಗ ಹಾಟ್‌ಪಾಟ್ (ಮೇಜಿನ ಮೇಲೆ ಕುದಿಯುವ ಸಾರಿನಲ್ಲೇ ಬೇಯಿಸಿ ತಿನ್ನುವ ಊಟ) ಹೋಟೆಲುಗಳಿವೆ. ಬೇಸಗೆಯಲ್ಲಿ ಒಳಗೆ ತಣ್ಣಗಿರುತ್ತದೆ.

1938ರ ಅಕ್ಟೋಬರಿನಲ್ಲಿ ವುಹಾನ್ ಜಪಾನಿನ ಕೈಗೆ ಬಿತ್ತು. ಯಿಚಾಂಗ್ ಎಂಬ ನದಿ ಬಂದರಿನ ದಡದಲ್ಲಿ ಲೇಥು, ಬಾಯ್ಲರು, ಬಂದೂಕಿನ ಯಂತ್ರಗಳು ರಾಶಿ ಬಿದ್ದಿದ್ದವು. ದೊಡ್ಡ ಹಡಗುಗಳು ಆಗ ಅಲ್ಲಿಂದ ಮೇಲಕ್ಕೆ ಹೋಗುತ್ತಿರಲಿಲ್ಲ. ನದಿಯ ನೀರು ಇಳಿದು ಹಡಗು ಓಡದಂತಾಗಲು ಸುಮಾರು 40 ದಿನ ಉಳಿದಿತ್ತು. ಮಿನ್‌ಶೆಂಗ್ ಹಡಗು ಕಂಪನಿಯ ಲು ಜ್ವೊಫು ಒಂದು ಲೆಕ್ಕ ಹಾಕಿದ. ಎಲ್ಲವನ್ನೂ ಚೊಂಗ್‌ಚಿಂಗ್‌ವರೆಗೆ ಒಯ್ದರೆ ಸಮಯ ಸಾಲದು. ಅತಿ ಮುಖ್ಯವಾದ್ದನ್ನು ಮಾತ್ರ ಕೊನೆಯವರೆಗೆ, ಉಳಿದದ್ದನ್ನು ಅರ್ಧ ದಾರಿಯಲ್ಲಿಳಿಸಿ ಹಡಗು ವಾಪಸು. ಜನರೂ ಯಂತ್ರಗಳೂ ಹಾಗೆ ಮೇಲೇರಿದವು. ಪರ್ಚೇಸ್‌ನವರಿಗೆಲ್ಲ ಆತನ ಫೋಟೋ ಹಂಚಬೇಕು ಅನ್ನುವವ ನಾನು.

ಹಾಗೆ ಬಂದ ಶಸ್ತ್ರಾಸ್ತ್ರ ಕಾರ್ಖಾನೆಗಳು ಯುದ್ಧ ಮುಗಿದ ಮೇಲೂ ಅಲ್ಲೇ ಉಳಿದವು. 1964ರ ನಂತರ ಮಾವೋ ಕಾಲದಲ್ಲಿ, ಮತ್ತೆ ಯುದ್ಧದ ಭಯಕ್ಕೆ, ಇನ್ನಷ್ಟು ಕಾರ್ಖಾನೆಗಳನ್ನು ಒಳನಾಡಿನ ಬೆಟ್ಟಗಳಿಗೆ ಸಾಗಿಸಿದರು. 70ರ ದಶಕದ ಕೊನೆಗೆ ಬಂದೂಕಿನ ಆರ್ಡರು ನಿಂತಿತು. ಕೈಯಲ್ಲಿ ಕಸುಬಿದೆ, ಕೆಲಸವಿಲ್ಲ. ಜಿಯಾಲಿಂಗ್ ಕಾರ್ಖಾನೆ 1979ರಲ್ಲಿ ಮೋಟಾರ್‌ಸೈಕಲ್ಲಿಗೆ ಕೈ ಹಾಕಿತು, ಜಿಯಾನ್‌ಶೆ ಹಿಂಬಾಲಿಸಿತು. ಬಂದೂಕಿನ ನಳಿಗೆ ಕೊರೆಯುವವನಿಗೆ ಸಿಲಿಂಡರ್ ಬೋರ್ ಯಾವ ಲೆಕ್ಕ! ಚಾಂಗಾನ್ ಕಾರು ಕಂಪನಿಯ ಬೇರು ಹುಡುಕಿದರೆ 1862ರ ಬಂದೂಕು ಕಾರ್ಖಾನೆ ಸಿಗುತ್ತದೆ. 80ರ ದಶಕದಲ್ಲಿ ಅವರು ಕಟ್ಟಿದ ಪುಟ್ಟ ವ್ಯಾನು ಸುಜುಕಿ ಕ್ಯಾರಿಯ ನಕ್ಷೆಯದು, ಅಂದರೆ ನಮ್ಮ ಓಮ್ನಿಯ ಖಾಸಾ ದಾಯಾದಿ. ಮೊದಲ ಸಲ ಅಲ್ಲಿ ಅದನ್ನು ಕಂಡಾಗ ಸ್ಕೂಲ್ ವ್ಯಾನ್ ಇಲ್ಲಿಗೆ ಹೇಗೆ ಬಂತು ಅನಿಸಿತ್ತು.

ಇನ್ನು ನಿಮಗೆ ಬೇಕಾದ ಭಾಗ. 1992ರಲ್ಲಿ ಯಿನ್ ಮಿಂಗ್‌ಶಾನ್ ಎಂಬಾತ ಲಿಫಾನ್ ಕಂಪನಿ ಶುರುಮಾಡಿದಾಗ ವಯಸ್ಸು ಐವತ್ತು ದಾಟಿತ್ತು. ರಾಜಕೀಯ ಕಾರಣಕ್ಕೆ ಜೈಲು ಕಂಡು, ಪುಸ್ತಕ ಮಾರಿ ಬದುಕಿದ್ದ ಮನುಷ್ಯ. ದೊಡ್ಡ ಕಾರ್ಖಾನೆಯ ಬೈಕ್ ಎಂಜಿನಿನ ಬಿಡಿಭಾಗಗಳನ್ನೆಲ್ಲ ರಿಪೇರಿ ಅಂಗಡಿಗಳಲ್ಲೇ ಕೊಂಡು ಕೂಡಿಸಿದರೆ ಇಡೀ ಎಂಜಿನೇ ಆಗುತ್ತದೆ, ಅದೂ ಲಾಭಕ್ಕೆ ಮಾರಬಹುದು ಎಂದು ಕಂಡುಕೊಂಡ. ಊರೆಲ್ಲ ಅದೇ ದಾರಿ ಹಿಡಿಯಿತು. 2006ರಲ್ಲಿ ನಾನು ಕ್ರ್ಯಾಂಕ್‌ಕೇಸಿನ (ಎಂಜಿನಿನ ಹೊರಕವಚ) ಡ್ರಾಯಿಂಗ್ ಸುರುಳಿ ಬಿಚ್ಚುತ್ತಿದ್ದೆ. ಎದುರಿಗಿದ್ದ ಮಾಲೀಕ ಕೈಯಾಡಿಸಿ, ಡ್ರಾಯಿಂಗ್ ಬೇಡ, ಯಾವ ಎಂಜಿನಿಗೆ ಅಂತ ಹೇಳಿ ಅಂದ. ಒಬ್ಬನ ಕೇಸಿಗೆ ಇನ್ನೊಬ್ಬನ ಕವರು, ಮತ್ತೊಬ್ಬನ ಗೇರು, ಎಲ್ಲ ಕೂತುಕೊಳ್ಳುತ್ತವೆ. ಬೇಕಾದದ್ದು ಒಂದೆರಡು ಗಂಟೆಯ ದಾರಿಯೊಳಗೆ ಸಿಗುತ್ತದೆ. ನೀವು ಗೋವಾದ ದಾರಿ ನೋಡುತ್ತೀರಿ. ಅವರು ಮಾಲು ಹೊರಗೆ ಹೋಗುವ ದಾರಿಗಿಂತ ಮೊದಲು ಬಿಡಿಭಾಗ ಒಳಗೆ ಬರುವ ದಾರಿಯನ್ನು ಚಿಕ್ಕದು ಮಾಡಿಕೊಂಡರು.

ಎಲ್ಲರದೂ ಒಂದೇ ಮಾಲಾದರೆ ಉಳಿಯುವುದು ಬೆಲೆಯ ಜಗಳ. 2000ದ ಸುಮಾರಿಗೆ ಚೀನಾದ ಬೈಕುಗಳು ವಿಯೆಟ್ನಾಮನ್ನು ತುಂಬಿದವು. ಬೆಲೆ ಇಳಿಸುತ್ತ ಇಳಿಸುತ್ತ ಗುಣವೂ ಇಳಿಯಿತು. 2002ರಲ್ಲಿ ಹೋಂಡಾ ಅಗ್ಗದ ಮಾಡೆಲ್ ಇಳಿಸಿ ಗಿರಾಕಿಗಳನ್ನು ಮರಳಿ ಸೆಳೆಯಿತು. ಲಿಫಾನ್ ಕಾರಿಗೂ ಕೈ ಹಾಕಿ, 2020ರಲ್ಲಿ ಸಾಲ ತೀರಿಸಲಾಗದೆ ಕೋರ್ಟು ಹತ್ತಿತು.

ಅಪಾರ್ಟ್‌ಮೆಂಟಿನ ಹೊಟ್ಟೆಯೊಳಗೆ ರೈಲು ಓಡುವ ವಿಡಿಯೋ ಗ್ರಾಫಿಕ್ಸ್ ಅಲ್ಲ ತಾನೇ? ಮನೆಯವರು ಮಲಗುವುದು ಹೇಗೆ?
— ಸಿವಿಲ್ ವಿದ್ಯಾರ್ಥಿ, ದಾವಣಗೆರೆ

ಗ್ರಾಫಿಕ್ಸ್ ಅಲ್ಲಪ್ಪ. ಲಿಜಿಬಾ ನಿಲ್ದಾಣ, 2ನೇ ಲೈನ್. ಕಟ್ಟಿದ ಮನೆಯನ್ನು ಕೊರೆದು ಹಳಿ ಹಾಕಿದ್ದಾರೆ ಅಂತ ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ, ಎರಡನ್ನೂ ಒಟ್ಟಿಗೇ ವಿನ್ಯಾಸ ಮಾಡಿ ಕಟ್ಟಿದ್ದು. ರೈಲಿನ ಭಾರ ಹೊರುವ ಕಂಬಗಳು ಬೇರೆ, ಮನೆಗಳ ಕಂಬಗಳು ಬೇರೆ, ಒಂದಕ್ಕೊಂದು ತಾಗುವುದಿಲ್ಲ. ಅದು ಮಾನೊರೈಲು, ಒಂದೇ ತೊಲೆಯ ಮೇಲೆ ರಬ್ಬರ್ ಚಕ್ರದಲ್ಲಿ ಓಡುತ್ತದೆ. ಸದ್ದು ಕಡಿಮೆ, ಏರು ಹತ್ತಲೂ ಸಲೀಸು. ಗುಡ್ಡದ ಊರಿಗೆ ಅದಕ್ಕೇ ಅದನ್ನು ಆರಿಸಿದ್ದು. ನಿನಗೆ ಇನ್ನೊಂದು: ಅದೇ ಊರಿನ ಹೊಂಗ್‌ಯಾನ್‌ಚುನ್ ಮೆಟ್ರೋ ನಿಲ್ದಾಣ ನೆಲದಿಂದ 116 ಮೀಟರ್ ಆಳದಲ್ಲಿದೆ.

ನಾನು ದೇವನಹಳ್ಳಿ ಹತ್ತಿರ ಫೋನ್ ಜೋಡಿಸುವ ಕಾರ್ಖಾನೆಯಲ್ಲಿದ್ದೇನೆ. ಅಲ್ಲೂ ಹೀಗೆ ಹೊರಗಿನಿಂದ ಬಂದದ್ದನ್ನು ಜೋಡಿಸುವುದೇನಾ?
— ಸಿಂಧನೂರಿನ ಹುಡುಗಿ, ಈಗ ಬೆಂಗಳೂರು

ಒಳ್ಳೆಯ ಪ್ರಶ್ನೆ ತಾಯಿ. ಹುವಾಂಗ್ ಚಿಫಾನ್ ಆ ಊರಿನ ಉಪಮೇಯರ್, ಆಮೇಲೆ ಮೇಯರ್ ಆಗಿದ್ದ ಕಾಲದಲ್ಲಿ ಇದೇ ಪ್ರಶ್ನೆ ಹಿಡಿದು ಕೂತವರು. ಬಿಡಿಭಾಗ ಕರಾವಳಿಯಿಂದ ಒಳಗೆ ಬಂದು, ಲ್ಯಾಪ್‌ಟಾಪ್ ಮತ್ತೆ ಕರಾವಳಿಗೇ ಹೋದರೆ ಎರಡು ಸಲ ಬಾಡಿಗೆ. ಹಾಗಾಗಿ ಎಚ್‌ಪಿ, ಫಾಕ್ಸ್‌ಕಾನ್ ಬಂದಾಗ ಬಿಡಿಭಾಗ ಮಾಡುವವರೂ ಬೆನ್ನ ಹಿಂದೆಯೇ ಬರಲಿ ಎಂದು ಹಟ ಹಿಡಿದರು. ಕ್ವಾಂಟಾ, ಏಸರ್, ಏಸುಸ್‌ನಂಥ ಲ್ಯಾಪ್‌ಟಾಪ್ ಕಂಪನಿಗಳೂ ಬಂದವು. ಕೆಲವೇ ವರ್ಷಗಳಲ್ಲಿ ವರ್ಷಕ್ಕೆ 5 ಕೋಟಿಗೂ ಹೆಚ್ಚು ಲ್ಯಾಪ್‌ಟಾಪ್ ಅಲ್ಲಿಂದ ಹೊರಟವು.

ಯುರೋಪಿನ ಮಾಲಿಗೆ ಸಮುದ್ರವನ್ನೇ ಬಿಟ್ಟರು. 2011ರಿಂದ ಗೂಡ್ಸ್ ರೈಲು: ಕಜಕಸ್ತಾನ, ರಷ್ಯಾ, ಬೆಲಾರುಸ್, ಪೋಲೆಂಡ್ ದಾಟಿ ಜರ್ಮನಿಯ ಡುಯಿಸ್‌ಬರ್ಗ್‌ಗೆ, 11,000 ಕಿ.ಮೀ. ಮೇಲೆ. ಚೀನಾದ ಹಳಿ 1,435 ಮಿ.ಮೀ., ನಡುವಿನ ಹಳೆ ಸೋವಿಯತ್ ನಾಡಿನದು 1,520, ಮುಂದೆ ಮತ್ತೆ 1,435. ಹಾಗಾಗಿ ಎರಡು ಕಡೆ ಕಂಟೇನರುಗಳನ್ನು ಕ್ರೇನಿನಿಂದ ಎತ್ತಿ ಬೇರೆ ಬೋಗಿಗೆ ಇಡುತ್ತಾರೆ. ಚಳಿಗಾಲದಲ್ಲಿ ಕಜಕಸ್ತಾನದ ಬಯಲಲ್ಲಿ ಲ್ಯಾಪ್‌ಟಾಪಿನ ಪರದೆಗಳು ಹೆಪ್ಪುಗಟ್ಟದಂತೆ ಪೆಟ್ಟಿಗೆಗೆ ಕಂಬಳಿ ಹೊದೆಸಿದ ಹಾಗೆ ಏರ್ಪಾಡು ಬೇಕಾಯಿತು. ನಿಮ್ಮ ಲೈನಿಗೆ ಬರುವ ಪೆಟ್ಟಿಗೆಗಳ ಮೇಲಿನ ಊರ ಹೆಸರು ಬರೆದಿಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಮತ್ತೆ ಬರೆದುಕೊಳ್ಳಿ. ಕೋಲಾರ, ಹೊಸೂರು, ತುಮಕೂರು ಅಂತ ಕಾಣತೊಡಗಿದರೆ ನನಗೊಂದು ಕಾರ್ಡು ಹಾಕಿ.

ಚೀನಾದವರನ್ನು ಇಷ್ಟೊಂದು ಹೊಗಳುವ ನಿಮಗೆ ಅಲ್ಲಿ ಕೆಟ್ಟದ್ದು ಏನೂ ಕಾಣಲಿಲ್ಲವೇ? ಕೊನೆಗೆ ಊಟವನ್ನಾದರೂ ಬೈಯಿರಿ.
— ಹಳೆಯ ಓದುಗ, ಹಾಸನ

2012ರಲ್ಲಿ ನನ್ನ ಒಂದು ಕಂಟೇನರ್ ಕ್ರ್ಯಾಂಕ್‌ಕೇಸ್ ಯಾಂಗ್ತ್ಸೆಯಲ್ಲೇ ನಿಂತಿತ್ತು. ತ್ರೀ ಗಾರ್ಜಸ್ ಅಣೆಕಟ್ಟಿನ ಪಕ್ಕ ಹಡಗುಗಳು ಐದು ಮೆಟ್ಟಿಲಿನ ಲಾಕ್ (ನೀರು ತುಂಬಿ, ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುವ ತೊಟ್ಟಿ) ಹತ್ತಿ ಇಳಿಯಬೇಕು. 2030ರ ಹೊತ್ತಿಗೆ ವರ್ಷಕ್ಕೆ 10 ಕೋಟಿ ಟನ್ ಸರಕು ಸಾಗಲಿ ಎಂದು ಕಟ್ಟಿದ ಲಾಕು 2011ರಲ್ಲೇ ಆ ಅಂಕಿ ದಾಟಿತ್ತು. ಸರದಿ ಸಾಲು ದಿನಗಟ್ಟಲೆ. ಏಜೆಂಟ್ ದಿನಾ ‘ನಾಳೆ’ ಅನ್ನುತ್ತಿದ್ದ. ಪೀಣ್ಯದಲ್ಲಿ ಲೈನು ನಿಂತು ಮ್ಯಾನೇಜರ್ ಬಾಯಿಗೆ ಸಿಕ್ಕವನು ನಾನು. ಈಚೆಗೆ ದಕ್ಷಿಣಕ್ಕೆ ಚಿನ್‌ಜೌ ಬಂದರಿನವರೆಗೆ ರೈಲಿನ ದಾರಿ ಮಾಡಿಕೊಂಡಿದ್ದಾರೆ. ನನ್ನ ಕಾಲಕ್ಕೆ ಒದಗಲಿಲ್ಲ.

2022ರ ಆಗಸ್ಟಿನಲ್ಲಿ ಅಲ್ಲಿನ ಬೈಬೇ ಎಂಬಲ್ಲಿ 45 ಡಿಗ್ರಿ ಬಿಸಿಲು. ಜಲವಿದ್ಯುತ್ತಿಗೆ ನೀರಿಲ್ಲದೆ ಕಾರ್ಖಾನೆಗಳಿಗೆ ಕರೆಂಟು ಕಡಿತವಾಯಿತು. ಜಿನ್‌ಯುನ್ ಬೆಟ್ಟಕ್ಕೆ ಬೆಂಕಿ ಹತ್ತಿತು. ಲಾರಿ ಏರದ ಆ ಕಡಿದಾದ ಮಣ್ಣಿನ ದಾರಿಯಲ್ಲಿ ನೀರು, ಊಟ, ಬೆಂಕಿ ಆರಿಸುವ ಸಾಮಾನನ್ನು ಬೆನ್ನಿಗೆ ಕಟ್ಟಿಕೊಂಡು ಹೊತ್ತವರು ಊರಿನ ಬೈಕ್ ಹುಡುಗರು. ಹಳೆಯ ಸಪ್ಲೈಯರ್ ಒಬ್ಬ ವಿಡಿಯೋ ಕಳಿಸಿದ್ದ. ನಾನು ಬೆಂಕಿ ನೋಡುವುದು ಬಿಟ್ಟು, ಬೈಕುಗಳ ಕ್ರ್ಯಾಂಕ್‌ಕೇಸಿನ ಮೇಲೆ ಯಾರ ಗುರುತಿದೆ ಅಂತ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚಾಳಿ.

ಊಟ ಬೈಯಲಾರೆ. ಸಸ್ಯಾಹಾರಿಯಾದ ನನಗೆ ಹಾಟ್‌ಪಾಟಿನ ದನದ ಕೊಬ್ಬು ದಕ್ಕಲಿಲ್ಲ, ಅನ್ನ ಮತ್ತು ಫುಲಿಂಗ್‌ನ ಸಾಸಿವೆ ಗೆಡ್ಡೆಯ ಉಪ್ಪಿನಕಾಯಿಯಲ್ಲಿ ದಿನ ದೂಡಿದೆ. ಅವರ ಅಡುಗೆಯಲ್ಲಿ ನಾಲಿಗೆ ಜುಮ್ಮೆನ್ನಿಸುವ ಒಂದು ಕಾಳಿದೆ. ಮೊದಲ ಸಲ ಕಚ್ಚಿದಾಗ ಪರದೇಶದ ವಿಷವೇ ಇರಬೇಕೆಂದು ಹೆದರಿದ್ದೆ. ಮನೆಗೆ ಪೊಟ್ಟಣ ತಂದೆ. ಉತ್ತರ ಕನ್ನಡದ ಅತ್ತೆ ಮೂಸಿ ನೋಡಿ, ‘ಇದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮ ಜುಮ್ಮನಕಾಯಿ’ ಅಂದರು.